ಶಿವಸ್ವಾಮಿ ಕಟ್ಟಿದ ಹಸಿರು ಚೀಟಿ

ಹೆಣ್ಣು ನೋಡಲು ಬಂದ ದಿನ ನನ್ನ ಗಂಡ ನನ್ನನ್ನು ನೋಡಿದ್ದಕ್ಕಿಂತ ನಮ್ಮ ಮನೆಯ ಬಾಗಿಲನ್ನು ನೋಡಿದ್ದೇ ಹೆಚ್ಚು. ಸೋಮನಾಥಪುರದ ಪಕ್ಕದ ನಮ್ಮೂರಿನಲ್ಲಿ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಾ, ‘ಯಜಮಾನ್ರೆ, ಈ ಚೌಕಟ್ಟು ಮೇಲ್ಗಡೆ ನಾಕು ಮಿಲಿಮೀಟರ್ ವಾಲ್ಕಂಡದೆ’ ಅಂದರು. ‘ಅಲ್ಲಪ್ಪಾ, ನೀನು ಎಣ್ಣು ನೋಡಕ್ ಬಂದಿದ್ದೀಯೋ ಬಾಗ್ಲು ನೋಡಕ್ ಬಂದಿದ್ದೀಯೋ?’ ಎಂದು ಅಪ್ಪ ಗದರಿದರು. ಗಂಡಿನವರು ಹೋದ ಮೇಲೆ ಅಪ್ಪ ಟೇಪು ಹಿಡಿದು ನೋಡಿದರೆ ನಾಲ್ಕೇ ಮಿಲಿಮೀಟರು. ‘ಉಡುಗ ಸುಳ್ಳಾಡೋನಲ್ಲ, ಕೊಟ್ಬುಡಮ’ ಎಂದರು ಅಪ್ಪ. ಒಂದು ವಾಲಿದ ಬಾಗಿಲಿನ ದೆಸೆಯಿಂದ ಇಂದ್ರಾಣಿ ಎಂಬ ನಾನು ಶಿವಸ್ವಾಮಿಯ ಹೆಂಡತಿಯಾದೆ.

ನಂಜನಗೂಡಿನ ತಾಂಡ್ಯದಲ್ಲಿ, ವಾಹನಗಳಿಗೆ ಪಿನ್ನು ಬುಷ್ಷು ಮಾಡುವ ಒಂದು ಕಾರ್ಖಾನೆಯಲ್ಲಿ ಅವರು ಹತ್ತೊಂಬತ್ತು ವರ್ಷದಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಯಂತ್ರದಿಂದ ಬಂದ ಪೀಸನ್ನು ಅಳೆಯುವುದು, ಡ್ರಾಯಿಂಗ್ ಜೊತೆ ತಾಳೆ ನೋಡುವುದು, ಚೀಟಿ ಕಟ್ಟುವುದು, ಇಷ್ಟೇ ಕೆಲಸ. ಅಳೆದಿದ್ದೇನೆ, ಸರಿಯಿದೆ ಎಂದರೆ ಹಸಿರು ಚೀಟಿ. ಅನುಮಾನವಿದೆ, ತಡೆದಿಡಿ ಎಂದರೆ ಹಳದಿ. ಆಗುವುದಿಲ್ಲ ಎಂದರೆ ಕೆಂಪು. ಕೆಳಗೆ ಸಹಿ. ಹಸಿರು ಚೀಟಿ ಕಟ್ಟಿಸಿಕೊಂಡು ಹೊರಗೆ ಹೋದ ಪೀಸು ತಪ್ಪೆಂದು ಆಮೇಲೆ ಗೊತ್ತಾದರೆ, ಸಹಿ ಹಾಕಿದವನೇ ಅದು ಹೋದ ಕಡೆಗೆ ಹೋಗಿ, ಎಲ್ಲರೆದುರು ತನ್ನ ಕೈಯಾರೆ ಚೀಟಿ ಕತ್ತರಿಸಿ ವಾಪಸು ತರಬೇಕು. ಅಲ್ಲಿನ ಪದ್ಧತಿ ಅದು. ಜೊತೆಯವರೆಲ್ಲ ಒಂದಲ್ಲ ಒಂದು ಸಲ ಹಾಗೆ ಹೋಗಿ ತಲೆ ತಗ್ಗಿಸಿ ಬಂದವರೇ. ಇವರು ಒಮ್ಮೆಯೂ ಹೋಗಿರಲಿಲ್ಲ.

ಚೀಟಿಗಳು ಅಂಗಿಯ ಜೇಬಿನಲ್ಲಿ ಮನೆಗೂ ಬರುತ್ತಿದ್ದವು. ಮೊಸರಿನ ಪಾತ್ರೆಗೆ ಹಳದಿ, ಸೋರುವ ನಲ್ಲಿಗೆ ಕೆಂಪು. ಒಂದು ದಿನ ನಾನು ಮಾಡಿದ ಅವರೆಕಾಳು ಸಾರಿನ ಪಾತ್ರೆಗೆ ಹಳದಿ ಕಟ್ಟಿ ಕೂತಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ. ಸೌಟು ಬೀಸಿ ಎಸೆದೆ. ‘ಉಪ್ಪು ಒಸಿ ಜಾಸ್ತಿ ಆಯ್ತು ಅಂತ ಅನುಮಾನ ಕಣೆ, ಕೆಂಪೇನೂ ಕಟ್ಟಿಲ್ವಲ್ಲ’ ಎಂದರು, ಸೌಟು ಎತ್ತಿಕೊಡುತ್ತಾ. ನಮ್ಮ ಒಬ್ಬಳೇ ಮಗಳು ರೋಜಾ ಬಿದ್ದು ಬಿದ್ದು ನಕ್ಕಳು. ಅವಳಿಗೆ ಆಗ ಹತ್ತು ವರ್ಷ.

ಅವಳಿಗೂ ಒಂದು ಕೆಂಪು ಚೀಟಿ ಬೀಳುತ್ತಿತ್ತು, ದಿನಾ ಬೆಳಿಗ್ಗೆ, ಊಟ ನಿಧಾನ ಎಂದು. ಎರಡು ಇಡ್ಲಿಗೆ ಅರ್ಧ ಗಂಟೆ. ಇವರು ಗಡಿಯಾರ ನೋಡುತ್ತಾ, ‘ಸ್ಕೂಲ್ ಬಸ್ಸು ಓಯ್ತು ಅನ್ಕೋ’ ಎಂದು ರೇಗಿಸುತ್ತಿದ್ದರು. ಅವಳು ಇನ್ನೂ ನಿಧಾನ ಮಾಡುತ್ತಿದ್ದಳು.

ನಾನು ತಗಡೂರು ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಐ.ಟಿ.ಐ. ಓದಿದ ಈ ಮನುಷ್ಯ ಅಲ್ಲಿನ ವಿಜ್ಞಾನದ ಕಪಾಟನ್ನು ಎರಡು ಸಲ ಓದಿ ಮುಗಿಸಿದ್ದರು. ಭಾನುವಾರ ಬಂದು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ಮಕ್ಕಳೋ ಮೊಬೈಲಿನಲ್ಲಿ ಏನೇನೋ ನೋಡಿಕೊಂಡು ಬಂದಿರುತ್ತಿದ್ದವು. ‘ಸಾ, ಅನ್ನೊಂದು ಆಯಾಮ ಅವಂತೆ. ದೆವ್ವಗೋಳು ನಾಕ್ನೇ ಆಯಾಮದಲ್ಲಿರ್ತವಂತೆ. ನಿಜ್ವಾ ಸಾ?’

ಅವರು ಬೈಯುತ್ತಿರಲಿಲ್ಲ. ಹಲಗೆಯ ಮೇಲೆ ಮೂರು ಚೀಟಿ ಅಂಟಿಸುತ್ತಿದ್ದರು. ‘ಉದ್ದ, ಅಗಲ, ಎತ್ತರ. ನಾನು ದಿನಾ ಅಳೆಯೋದು. ಹಸಿರು. ಇವುಗಳ ಜೊತೆ ಕಾಲನೂ ಸೇರಿಸಿ ಲೆಕ್ಕ ಆಕ್ಬೇಕು ಅಂತಾರೆ. ಅದೂ ಹಸಿರೇ, ಯಾಕಂದ್ರೆ ಅಳೆದು ನೋಡವ್ರೆ. ಮ್ಯಾಲಿರೋ ಉಪಗ್ರಹದ ಗಡಿಯಾರ ನಮ್ಮ ಗಡಿಯಾರದ ಸಮಕ್ಕೆ ಓಡಲ್ಲ. ಆ ವ್ಯತ್ಯಾಸ ಸರಿ ಮಾಡ್ದೆ ಇದ್ರೆ ಒಂದೇ ದಿನಕ್ಕೆ ನಿಮ್ಮ ಮೊಬೈಲ್ ಮ್ಯಾಪು ಹತ್ತು ಕಿಲೋಮೀಟರ್ ಆಚೆ ತೋರಿಸ್ತದೆ. ಇನ್ನು ಐದು, ಹತ್ತು, ಹನ್ನೊಂದು ಆಯಾಮ ಅನ್ನೋದು ಹಳದಿ. ಲೆಕ್ಕಕ್ಕೆ ಒಪ್ತದೆ, ಅಳತೆಗೆ ಸಿಕ್ಕಿಲ್ಲ. ಕೂದಲೆಳೆಯಷ್ಟು ಹತ್ರಕ್ಕೆ ಎರಡು ವಸ್ತು ತಂದು ಅವು ಒಂದನ್ನೊಂದು ಎಳೆಯೋದನ್ನ ಅಳೆದವ್ರೆ. ಬೇರೆ ಆಯಾಮ ಇದ್ರೆ ಆ ಎಳೆತ ಬದಲಾಗ್ಬೇಕು, ಏನೂ ವ್ಯತ್ಯಾಸ ಕಂಡಿಲ್ಲ. ಇನ್ನೂ ಹುಡುಕ್ತಾ ಅವ್ರೆ. ದೆವ್ವ ಅಲ್ಲಿ ಅದೆ, ಸತ್ತೋರು ಅಲ್ಲಿ ಅವ್ರೆ ಅನ್ನೋದು ಕೆಂಪು. ಕತೆ ಅಂತ ಓದಿ, ಸೊಗಸಾಗಿರ್ತದೆ. ವಿಜ್ಞಾನ ಅನ್ಬೇಡಿ.’

ಆಮೇಲೆ ಚೀಲದಿಂದ ಒಂದು ರಸಬಾಳೆ ಹಣ್ಣು ತೆಗೆಯುತ್ತಿದ್ದರು. ಒಂದು ಹಾಳೆಗೆ ತೂತು ಕೊರೆದು, ಈ ಹಾಳೆಯ ಮೇಲೆ ಚಪ್ಪಟೆ ಜನ ಬದುಕುತ್ತಾರೆ ಎಂದುಕೊಳ್ಳಿ, ಅವರಿಗೆ ಮೇಲೆ ಕೆಳಗೆ ಎಂಬುದೇ ಗೊತ್ತಿಲ್ಲ ಎನ್ನುತ್ತಿದ್ದರು. ಹಣ್ಣು ತೂತಿನೊಳಗೆ ಇಳಿದರೆ ಆ ಜನಕ್ಕೆ ಮೊದಲು ಒಂದು ಚುಕ್ಕಿ ಕಾಣುತ್ತದೆ. ಚುಕ್ಕಿ ಬಳೆಯಾಗುತ್ತದೆ, ಬಳೆ ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ, ಇಲ್ಲವಾಗುತ್ತದೆ. ಹುಟ್ಟಿತು, ಬೆಳೆಯಿತು, ಸತ್ತಿತು ಎಂದು ಅವರು ಅಳುತ್ತಾರೆ. ಹಣ್ಣು ಮಾತ್ರ ಇಡಿಯಾಗಿ ನನ್ನ ಕೈಯಲ್ಲೇ ಇರುತ್ತದೆ. ‘ಇದು ಆಯಾಮ ಅಂದ್ರೇನು ಅಂತ ತಿಳಿಯಕ್ಕೆ ಮಾಡ್ಕೊಂಡಿರೋ ಆಟ ಅಷ್ಟೇಯ’ ಎಂದು ಪ್ರತಿ ಸಲವೂ ಕೊನೆಗೆ ಹೇಳುತ್ತಿದ್ದರು. ಆಟ ಮುಗಿದ ಮೇಲೆ ಹಣ್ಣು ರೋಜಾಳ ಪಾಲು.

ನನ್ನ ಅತ್ತೆ ಪುಟ್ಟಮಾದಮ್ಮನವರ ಒಂದು ಹಬ್ಬದ ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು. ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ಕಂದಾಚಾರ ಯಾವುದೂ ಇಲ್ಲ. ಆದರೆ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬವನ್ನು ಅತ್ತೆ ಬಿಟ್ಟವರಲ್ಲ. ತೀರಿಹೋದ ಮಾವ ಪುಟ್ಟಬಸವಯ್ಯನವರ ಫೋಟೋ ಮುಂದೆ ಹೊಸ ಪಂಚೆ ಇಟ್ಟು, ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರಬೇಕು. ಸತ್ತವರು ಬಂದು ಉಣ್ಣುವ ಹೊತ್ತು ಅದು. ಶಿವಸ್ವಾಮಿ ಜಗಲಿಯಲ್ಲಿ ವಾಚು ನೋಡುತ್ತಾ, ‘ಐದು ನಿಮಿಷ ಆಯ್ತು, ತೆಗಿಯವ್ವ. ಕೋಳಿ ಸಾರು ಆರೋಯ್ತದೆ’ ಎನ್ನುತ್ತಿದ್ದರು. ‘ಸುಮ್ನಿರ್ಲಾ, ಉಣ್ಲಿ’ ಎಂದು ಅತ್ತೆ ಗದರುತ್ತಿದ್ದರು.

ರೋಜಾಳಿಗೆ ಹದಿಮೂರು ತುಂಬುವ ಹೊತ್ತಿಗೆ ರಕ್ತದ ಕ್ಯಾನ್ಸರ್ ಬಂತು. ಒಂಬತ್ತು ತಿಂಗಳು ಮೈಸೂರಿಗೆ ಓಡಾಡಿದೆವು. ಕೊನೆಗೆ ಡಾಕ್ಟರು, ಮಗು ಮನೆಯಲ್ಲೇ ಇರಲಿ ಎಂದರು. ಅದರ ಅರ್ಥ ನಮಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

ಒಂದು ಮಧ್ಯಾಹ್ನ ಅವಳು ಹಾಳೆ ಕೇಳಿದಳು, ಬಾಳೆಹಣ್ಣು ಕೇಳಿದಳು. ತಿನ್ನುತ್ತಾಳೇನೋ ಎಂದು ಆಸೆಯಿಂದ ಕೊಟ್ಟೆ. ಅವಳು ಕಡ್ಡಿಯಂಥ ಕೈಯಲ್ಲಿ ತೂತು ಮಾಡಿ, ಹಣ್ಣನ್ನು ಮೆಲ್ಲಗೆ ಆ ಕಡೆಗೆ ದಾಟಿಸಿದಳು. ನಾನು ಗಂಜಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

‘ಅಪ್ಪ, ಪೇಪರ್ ಮೇಲಿನವ್ರಿಗೆ ಈಗ ಹಣ್ಣು ಸತ್ತೋಯ್ತು ಅಲ್ವಾ?’

‘ಹೂಂ ಮಗ.’

‘ಆದ್ರೆ ಇಲ್ಲೇ ಅದೆಯಲ್ಲ, ನನ್ ಕೈಲಿ. ನಾನೂ ಹಂಗೇನಾ ಅಪ್ಪ? ಆ ಕಡೆ ಇರ್ತೀನಾ?’

ಅವರು ಅವಳ ಹೊದಿಕೆ ಸರಿಮಾಡಿದರು.

‘ಹೇಳಪ್ಪ. ಯಾವ ಚೀಟಿ?’

ಅವರ ಕೈ ಜೇಬಿಗೆ ಹೋಯಿತು. ಮೊದಲು ಬೆರಳಿಗೆ ಬಂದದ್ದು ಹಳದಿ. ನಾನು ಕಣ್ಣಾರೆ ಕಂಡೆ. ಅವಳ ಮುಖ ನೋಡಿದರು, ಹಳದಿಯನ್ನು ಒಳಗೆ ತಳ್ಳಿ ಹಸಿರು ತೆಗೆದರು. ಪೀಸಿನ ಹೆಸರು ಬರೆಯುವ ಜಾಗದಲ್ಲಿ ‘ರೋಜಾ’ ಎಂದು ಬರೆದರು. ಸಹಿ ಹಾಕಿ, ದಾರವನ್ನು ಅವಳ ಮಣಿಕಟ್ಟಿಗೆ ಕಟ್ಟಿದರು. ಅವಳು ಅದನ್ನು ಎರಡು ಸಲ ಓದಿ, ಹಣ್ಣನ್ನು ಸುಲಿದು ಅರ್ಧ ತಿಂದಳು. ಅದಾದ ಹನ್ನೊಂದನೆಯ ದಿನ ಹೋದಳು.

ಮೈ ತೊಳೆಯುವಾಗ ಅತ್ತೆ, ‘ಚೀಟಿ ಬಿಚ್ಚವ್ವ, ನೆಂದೋಯ್ತದೆ’ ಎಂದರು. ಬಿಚ್ಚಿ ನನ್ನ ಪರ್ಸಿನಲ್ಲಿಟ್ಟುಕೊಂಡೆ.

ನಾನು ದಡ್ಡಿಯಲ್ಲ. ವಿಜ್ಞಾನದ ಕಪಾಟನ್ನು ಜೋಡಿಸಿದವಳೇ ನಾನು. ಯಾವನಾದರೂ ಶಾಸ್ತ್ರ ಹೇಳುವವನು ಬಂದು ನಿನ್ನ ಮಗಳು ಬೇರೆ ಲೋಕದಲ್ಲಿದ್ದಾಳೆ ಎಂದಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದೆ. ಆದರೆ ಇದು ಕಟ್ಟಿಕೊಂಡ ಹೆಂಡತಿಯ ಸಾರನ್ನೇ ಪಾಸು ಮಾಡದ ಮನುಷ್ಯ ಸಹಿ ಹಾಕಿದ ಚೀಟಿ. ಹಳದಿ ಕೈಗೆ ಬಂದದ್ದನ್ನು ನಾನು ನೋಡಿದ್ದೆ ನಿಜ. ಯೋಚಿಸಿ, ತೂಗಿ, ಹಸಿರೇ ಸರಿ ಎಂದು ತೀರ್ಮಾನಿಸಿದರು ಎಂದುಕೊಂಡೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ, ನನಗಂತೂ ಚೀಟಿಯೇ ಸಿಕ್ಕಿತ್ತು.

ಆ ವರ್ಷದ ಹಿರಿಯರ ಹಬ್ಬಕ್ಕೆ ಅತ್ತೆ ಎರಡು ಎಲೆ ಹಾಕಿದರು. ನಾನು ಒಂದನ್ನು ಎತ್ತಿ ಬಿಸಾಕಿದೆ. ‘ಎಡೆ ಇಡೋದು ಸತ್ತೋರಿಗೆ. ನನ್ನ ಮಗಳು ಸತ್ತಿಲ್ಲ. ಆ ಕಡೆ ಅವ್ಳೆ. ನಿಮ್ಮ ಮಗನ್ನೇ ಕೇಳಿ’ ಎಂದೆ. ಅತ್ತೆ ಮಗನ ಮುಖ ನೋಡಿದರು. ‘ಅಲ್ವೇನ್ರೀ?’ ಎಂದು ನಾನೂ ಕೇಳಿದೆ. ಅವರು ನೆಲ ನೋಡುತ್ತಾ ‘ಹೂಂ’ ಎಂದರು. ಮಾರನೆಯ ವರ್ಷವೂ ಅದೇ ಜಗಳ, ಅದೇ ‘ಹೂಂ’. ಗ್ರಂಥಾಲಯದ ಭಾನುವಾರದ ಪಾಠ ಅವರು ಯಾವಾಗಲೋ ನಿಲ್ಲಿಸಿಬಿಟ್ಟಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಮೂರನೆಯ ವರ್ಷ ಟಿ. ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ‘ಆಯಾಮ ದರ್ಶನ’ ಶಿಬಿರ ನಡೆಯುತ್ತಿದೆ ಎಂದು ಗೊತ್ತಾಯಿತು. ಮಕ್ಕಳನ್ನು ಕಳೆದುಕೊಂಡವರಿಗಾಗಿ, ಭಾನುವಾರ ಭಾನುವಾರ. ಒಂದು ಭಾನುವಾರ ನಾನೊಬ್ಬಳೇ ಹೋದೆ. ನಡೆಸುವವನು ಕೃಷ್ಣಕುಮಾರ್ ಎಂಬುವನು. ಪರದೆಯ ಮೇಲೆ ದೊಡ್ಡ ದೊಡ್ಡ ಸೂತ್ರ ತೋರಿಸಿ, ಇದೇ ಭೌತಶಾಸ್ತ್ರ, ನಿಮ್ಮ ಮಕ್ಕಳು ನಾಲ್ಕನೆಯ ಆಯಾಮದಲ್ಲಿ ಬೆಳೆಯುತ್ತಿದ್ದಾರೆ, ಎಡೆ ಇಟ್ಟರೆ ಅವರನ್ನು ಸಾವಿಗೆ ಎಳೆದಂತೆ ಎಂದ. ನನ್ನ ಮನಸ್ಸಿನ ಮಾತೇ ಆಡಿದ. ಎದ್ದು ನಿಂತೆ. ‘ನಮ್ಮೆಜಮಾನ್ರು ತಾಂಡ್ಯದಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರು. ಹತ್ತೊಂಬತ್ತು ವರ್ಷದಲ್ಲಿ ಒಂದು ತಪ್ಪು ಪೀಸು ಪಾಸ್ ಮಾಡಿಲ್ಲ. ಇದು ಅವರೇ ಕಟ್ಟಿದ್ದು’ ಎಂದು ಚೀಟಿಯನ್ನು ಎತ್ತಿ ಹಿಡಿದೆ. ಹೆಂಗಸರು ನನ್ನ ಸುತ್ತ ಮುಗಿಬಿದ್ದರು. ಸಣ್ಣತಾಯಮ್ಮ ಎಂಬ ವಯಸ್ಸಾದ ಹೆಂಗಸು, ಮಗನನ್ನು ಕಳೆದುಕೊಂಡವರು, ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡರು. ಕೃಷ್ಣಕುಮಾರ್ ಅದರ ಫೋಟೋ ತೆಗೆದುಕೊಂಡ.

ಬುಧವಾರದ ಹೊತ್ತಿಗೆ ಆ ಫೋಟೋ ಎಲ್ಲರ ಮೊಬೈಲಿನಲ್ಲಿತ್ತು. ಇನ್‌ಸ್ಪೆಕ್ಟರೇ ಅಳೆದು ಹಸಿರು ಕೊಟ್ಟಿದ್ದಾರೆ ಎಂದು ಕೆಳಗೆ ಬರೆದಿತ್ತು. ಕಾರ್ಖಾನೆಯಲ್ಲಿ ಜೊತೆಗಾರ ನಂಜೇಶ್ ಅದನ್ನು ಇವರಿಗೆ ತೋರಿಸಿದ್ದಾನೆ. ಅರ್ಧ ದಿನ ರಜೆ ಹಾಕಿ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ನಿಂತರು.

‘ಇಂದ್ರಾಣಿ, ಆ ಪೀಸು ತಪ್ಪು.’

‘ಯಾವ ಪೀಸು?’

‘ನಮ್ ರೋಜಾಂದು.’

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರ ಎದೆಗೆ ಎರಡೂ ಕೈಯಲ್ಲಿ ಗುದ್ದಿದೆ. ಯಾಕೆ ಕಟ್ಟಿದ್ರಿ, ಎರಡು ವರ್ಷ ಯಾಕೆ ಹೂಂ ಅಂದ್ರಿ, ಇವತ್ತು ಯಾಕೆ ಬಾಯಿ ಬಿಟ್ರಿ ಎಂದು ಕಿರುಚಿದೆ. ಗುದ್ದಿಸಿಕೊಂಡು ನಿಂತಿದ್ದರು. ‘ಅವತ್ತು ಅವಳಿಗೆ ಭಯ ಆಗಿತ್ತು ಕಣೆ. ಸುಳ್ಳು ಅಂತ ಗೊತ್ತಿದ್ದೇ ಕಟ್ದೆ. ಆಮೇಲೆ ನಿನ್ನ ಮುಖ ನೋಡಿ ಕೀಳಕ್ಕಾಗ್ಲಿಲ್ಲ. ಈಗ ಬೇರೆ ತಾಯಂದ್ರ ಮನೆಗೂ ಓಗ್ಬುಟ್ಟದೆ. ಸಹಿ ನನ್ದು.’

ನನ್ನ ಕೋಪವೆಲ್ಲ ಇಳಿದುಹೋಯಿತು. ಉಳಿದದ್ದು ಬರೀ ಭಯ. ಅವರ ಕೈ ಹಿಡಿದುಕೊಂಡೆ.

‘ಹಸಿರು ಬೇಡ ಬಿಡಿ. ಹಳದಿಯಾದ್ರೂ ಕಟ್ಟಿ. ಅಳತೆಗೆ ಸಿಕ್ಕಿಲ್ಲ ಅನ್ನಿ. ಹುಡುಕ್ತಾ ಅವ್ರೆ ಅನ್ನಿ. ನಾನು ಕಾಯ್ತೀನಿ.’

ಅವರು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು. ‘ಹಳದಿಗೆ ಲೆಕ್ಕನಾದ್ರೂ ಇರ್ಬೇಕು ಕಣೆ. ನಮ್ ಮಗೀನ ಬಗ್ಗೆ ಯಾವ ಲೆಕ್ಕನೂ ಇಲ್ಲ. ಬಾಳೆಹಣ್ಣಿನ ಆಟ ಬರೀ ಆಟ.’

ಕಂಡದ್ದು ಕಂಡಂತೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ಮೂರು ದಿನ ನಾನು ಅವರ ಜೊತೆ ಮಾತಾಡಲಿಲ್ಲ, ಅನ್ನ ಬಡಿಸಲಿಲ್ಲ. ಅವಳು ಎರಡನೆಯ ಸಲ ಸತ್ತಳು, ಈ ಸಲ ಕೊಂದವರು ಇವರೇ ಎಂದು ಅತ್ತೆಗೆ ಕೇಳುವ ಹಾಗೆ ಹೇಳಿದೆ. ಆ ಮಾತು ಆಡಬಾರದಿತ್ತು. ಅವರು ಅದನ್ನೂ ಕೇಳಿಸಿಕೊಂಡರು.

ಭಾನುವಾರ ಅವರು ಟಿ. ನರಸೀಪುರಕ್ಕೆ ಹೊರಟಾಗ ನಾನೂ ಹಿಂದೆ ಹೋದೆ. ಚೀಟಿ ನನ್ನ ಪರ್ಸಿನಲ್ಲಿತ್ತಲ್ಲ. ಕಾರ್ಖಾನೆಯ ಸಮವಸ್ತ್ರ ಹಾಕಿಕೊಂಡಿದ್ದರು, ಎದೆಯ ಮೇಲೆ ಹೆಸರಿನ ಬಿಲ್ಲೆ. ಮಂಟಪದಲ್ಲಿ ನೇರ ಮುಂದೆ ಹೋಗಿ ನಿಂತು, ‘ಆ ಚೀಟಿ ಬರೆದೋನು ನಾನು’ ಎಂದರು. ‘ಅಳತೆ ಮಾಡಿ ಬರೆದಿದ್ದಲ್ಲ. ಮಗಳು ಕೇಳಿದ್ಲು ಅಂತ ಬರೆದಿದ್ದು. ಆಯಾಮದ ಲೆಕ್ಕ ವಿಜ್ಞಾನಿಗಳದ್ದು, ನಿಜವಾದ್ದು. ನಮ್ಮ ಮಕ್ಕಳು ಅಲ್ಲಿ ಅವ್ರೆ ಅನ್ನೋದು ಯಾರೂ ಅಳೆದಿಲ್ಲ, ಯಾವ ಸೂತ್ರದಲ್ಲೂ ಇಲ್ಲ. ಪರದೆ ಮೇಲೆ ತೋರಿಸ್ತಿರೋದರಲ್ಲೂ ಇಲ್ಲ.’ ನನ್ನ ಕಡೆ ಕೈ ಚಾಚಿದರು. ನಾನು ಕೊಟ್ಟೆ. ಜೇಬಿನಿಂದ ಸಣ್ಣ ಕತ್ತರಿ ತೆಗೆದು ಚೀಟಿಯನ್ನು ಎರಡು ತುಂಡು ಮಾಡಿದರು. ಎರಡೂ ತುಂಡನ್ನು ವಾಪಸು ಜೇಬಿಗೆ ಹಾಕಿಕೊಂಡರು.

ಕೃಷ್ಣಕುಮಾರ್ ಏನೋ ಹೇಳಲು ಬಂದ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಸಣ್ಣತಾಯಮ್ಮ ಎದ್ದು ಬಂದು ಇವರೆದುರು ನಿಂತರು.

‘ನಿಮ್ ಮಗಳಿಗೆ ಅಸಿರು ಕಟ್ಟಿ ಕಳ್ಸುದ್ರಿ. ನನ್ ಮಗನ್ ಚೀಟಿ ಮಾತ್ರ ಕತ್ತರಿಸ್ತೀರಾ ಸಾ? ಅಂಗಾರೆ ಅವ್ನು ಎಲ್ಲವ್ನೆ, ಏಳಿ.’

‘ಗೊತ್ತಿಲ್ಲ ಕಣವ್ವ. ತಪ್ಪಾಯ್ತು’ ಎಂದು ಇವರು ಕೈಮುಗಿದರು. ಆ ತಾಯಿ ಮುಗಿದ ಕೈಗಳನ್ನೇ ನೋಡುತ್ತಾ ನಿಂತಿದ್ದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಬಸ್ಸಿನಲ್ಲಿ ನಂಜನಗೂಡಿನವರೆಗೂ ಇವರು ಅತ್ತರು, ಕಂಡಕ್ಟರ್ ಚಿಲ್ಲರೆ ಕೇಳಿದ್ದೂ ಕಿವಿಗೆ ಬೀಳದ ಹಾಗೆ. ನಾನು ಅವರ ಪಕ್ಕದಲ್ಲಿ ಕೂತಿದ್ದೆ. ಮೂರು ದಿನದ ಮೇಲೆ ಮೊದಲ ಮಾತಾಗಿ, ‘ಅಮಾವಾಸ್ಯೆ ಮುಂದಿನ ವಾರ. ಬಟ್ಟೆ ತರಬೇಕು’ ಎಂದೆ.

ಹಬ್ಬದ ಹಿಂದಿನ ದಿನ ಇಬ್ಬರೂ ಬಟ್ಟೆ ಅಂಗಡಿಗೆ ಹೋದೆವು. ಚೂಡಿದಾರ್ ತೋರಿಸುತ್ತಾ ಅಂಗಡಿಯವನು, ಮಗುಗೆ ವಯಸ್ಸೆಷ್ಟು ಎಂದು ಕೇಳಿದ. ಹದಿನಾರು ಎನ್ನಲು ನಾನು ಬಾಯಿ ತೆರೆದೆ. ಇವರು ಮೆಲ್ಲಗೆ ‘ಹದಿಮೂರು’ ಎಂದರು. ಹದಿಮೂರರ ಅಳತೆಯದನ್ನೇ ತಂದೆವು.

ಅಮಾವಾಸ್ಯೆಯ ಮಧ್ಯಾಹ್ನ ಅತ್ತೆ ಎರಡು ಎಲೆ ಹಾಕಿ ನನ್ನ ಮುಖ ನೋಡಿದರು. ನಾನೇ ಕೂತು ರೋಜಾಳ ಎಲೆಗೆ ಬಡಿಸಿದೆ. ಒಬ್ಬಟ್ಟು, ಚಕ್ಕುಲಿ, ಅವರೆಕಾಳು ಸಾರು, ಎರಡು ಇಡ್ಲಿ. ಹಬ್ಬದ ಎಡೆಗೆ ಯಾರೂ ಇಡ್ಲಿ ಇಡುವುದಿಲ್ಲ, ಅತ್ತೆಯೇ ಅದಕ್ಕೆ ಚಟ್ನಿ ಬಡಿಸಿದರು. ಶಿವಸ್ವಾಮಿ ಒಂದು ರಸಬಾಳೆ ಹಣ್ಣು ತಂದು ಎಲೆಯ ತುದಿಯಲ್ಲಿಟ್ಟರು. ನನ್ನ ಮಗಳ ಫೋಟೋಗೆ ನಾನು ಮೊದಲ ಸಲ ಹೂ ಹಾಕಿದೆ. ಅವಳು ಸತ್ತಿದ್ದಾಳೆ ಎಂದು ನನ್ನ ಕೈಯೇ ಬರೆದಂತಾಯಿತು. ಇವರು ರಟ್ಟೆ ಹಿಡಿದು ಎಬ್ಬಿಸಿದರು. ಬಾಗಿಲು ಮುಚ್ಚಿ ಮೂವರೂ ಜಗಲಿಗೆ ಬಂದು ಕೂತೆವು.

ಐದು ನಿಮಿಷವಾಯಿತು. ಹತ್ತಾಯಿತು. ಇವರು ವಾಚಿನ ಮೇಲೆ ಕಣ್ಣಿಟ್ಟು ಕೂತಿದ್ದರು. ಕಾಲು ಗಂಟೆಯ ಮೇಲೆ ಅತ್ತೆ ಎದ್ದು, ಒಳಗಿರುವವರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲಿಗೆ ಕೈ ಹಾಕಿದರು.

‘ತೆಗಿಬೇಡ ಕಣವ್ವ, ಇನ್ನೊಸಿ ತಡಿ’ ಎಂದರು ನನ್ನ ಗಂಡ. ‘ಅವಳು ನಿಧಾನಕ್ಕೆ ಉಣ್ಣೋದು.’

ಅತ್ತೆ ಬಾಗಿಲಿನಿಂದ ಕೈ ತೆಗೆದು ಮತ್ತೆ ನಮ್ಮ ಪಕ್ಕ ಬಂದು ಕೂತರು.